ಕಾಣೆಯಾಗಿದ್ದ ನೆರಳು

ಜನವರಿ ಇಪ್ಪತ್ತೊಂದು ಬಂತೆಂದರೆ ನಾರ್ವೆಯ ಉತ್ತರ ತುದಿಯ ಟ್ರೊಮ್ಸೊ ಊರಿನವರು ಕೆಲಸ ಬಿಟ್ಟು, ಜಾಮ್ ತುಂಬಿದ ಬನ್ನು ತಿನ್ನುತ್ತಾ, ಎರಡು ತಿಂಗಳಿಂದ ಮುಖ ತೋರಿಸದ ಸೂರ್ಯನಿಗಾಗಿ ಕಾಯುತ್ತಾರೆ. ಗೈಡ್ ಸಿಗ್ರುನ್‌ಗೆ ಆ ಭಾಗ್ಯವಿಲ್ಲ. ಪ್ರವಾಸಿಗರಿಗೆ ಬೆಳಗ್ಗೆ ನಾಯಿಬಂಡಿ, ಆಮೇಲೆ ಹಿಮಸಾರಂಗ, ಮಧ್ಯಾಹ್ನ ಸೂರ್ಯನನ್ನು ತೋರಿಸಲು ಈ ಗುಡ್ಡ. ಹತ್ತೊಂಬತ್ತು ಚಳಿಗಾಲದಿಂದ ಅದೇ ಗಾಣದೆತ್ತಿನ ಸುತ್ತು. ಅವಳ ಬನ್ನು ಜೇಬಿನಲ್ಲೇ ಕಲ್ಲಾಗಿತ್ತು.

"ಮೇಡಂ, ಆಕಾಶದಲ್ಲಿ ಆ ಧ್ರುವದ ಹಸಿರು ಬೆಳಕು ಎಷ್ಟೊತ್ತಿಗೆ ಹಚ್ತೀರಿ?" ಎಂದ ಪ್ರವಾಸಿಯೊಬ್ಬ.

"ಹಚ್ಚೋನು ಇವತ್ತು ರಜಾ ಹಾಕಿದಾನಪ್ಪಾ."

ಅಷ್ಟರಲ್ಲಿ ಬೆಟ್ಟಗಳ ಸಂದಿನಿಂದ ಬಿಸಿಲು ಚಿಮ್ಮಿತು. ಇರುವುದು ನಾಲ್ಕೇ ನಿಮಿಷ. ಅವಳು ಅತ್ತ ತಿರುಗುವ ಮೊದಲೇ ಅವನು ಹೆಂಡತಿಯ ಪಕ್ಕ ನಿಂತು ಫೋನು ಚಾಚಿದ. "ಬಿಸಿಲು ನಮ್ಮ ಮುಖಕ್ಕೆ ಬೀಳೋ ಹಾಗೆ ಒಂದು ಫೋಟೊ, ಬೇಗ!"

ಸೂರ್ಯನಿಗೆ ಬೆನ್ನು ಹಾಕಿ, ಹಲ್ಲು ಕಚ್ಚಿಕೊಂಡು, ಅವಳು ಫೋನು ಎತ್ತಿದಳು.

"ಅಯ್ಯೋ, ನಿಮ್ಮ ನೆರಳು ಅಡ್ಡ ಬರ್ತಿದೆ. ಸ್ವಲ್ಪ ಪಕ್ಕಕ್ಕೆ ಹೋಗ್ರಿ."

ಸಿಗ್ರುನ್ ಕೆಳಗೆ ನೋಡಿದಳು. ನವೆಂಬರಿನಿಂದ ಕಾಣೆಯಾಗಿದ್ದ ಅವಳ ನೆರಳು ಹಿಮದ ಮೇಲೆ ಉದ್ದಕ್ಕೆ ಮೈಚಾಚಿ, ಅವರಿಬ್ಬರ ಎದೆಯವರೆಗೂ ಹತ್ತಿ ಕೂತಿತ್ತು.

"ಆಗಲ್ಲ," ಎಂದವಳೇ ಫೋನನ್ನು ಅವನ ಕೈಗೆ ತುರುಕಿ, ಜೇಬಿನಿಂದ ಬನ್ನು ತೆಗೆದು ಕಚ್ಚಿದಳು. ಎದುರಿಗೆ ನೆರಳೂ ಕಚ್ಚಿತು.