ಕಣದ ದೆವ್ವಕ್ಕೆ ನಿದ್ದೆ ಬಂದದ್ದು

ಬಣಕಲ್ ಸಮೀಪದ ಕಾಫಿ ಒಣಗಿಸುವ ಒಂದು ಕಣದಲ್ಲಿ ರಾತ್ರಿ ಹೆಣ್ಣುದೆವ್ವ ತಿರುಗುತ್ತದೆಂಬ ಕಥೆಯನ್ನು ಆ ಭಾಗದ ಹಲವರು ಹೇಳುತ್ತಾರೆ. ಕಣದ ಮನೆಯವರು ಹೇಳುವ ಕಥೆ ಬೇರೆ.

ಮನೆಯ ಹಿರಿಯ ಸೊಸೆ ದಾಕ್ಷಾಯಣಮ್ಮನವರಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಕೆಟ್ಟಿದ್ದವು. ಮಲಗಿದೊಡನೆ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಹರಳೆಣ್ಣೆ ತಿಕ್ಕಿದರೂ ಒದ್ದೆ ಬಟ್ಟೆ ಸುತ್ತಿದರೂ ತಗ್ಗಲಿಲ್ಲ. ಸಿಮೆಂಟಿನ ಕಣ ತಣ್ಣಗಿರುತ್ತದೆಂದು ಅವರು ಬರಿಗಾಲಲ್ಲಿ ಬೆಳಗಿನವರೆಗೂ ಅಲ್ಲಿ ನಡೆಯುತ್ತಿದ್ದರು. ದೂರದಿಂದ ಕಂಡವರು ದೆವ್ವವೆಂದರು. ಟಾರ್ಪಾಲಿನಡಿಯ ಕಾಫಿಗೆ ಕಳ್ಳರು ಬರುವುದು ನಿಂತಿತು. ಮೈದುನ ರುದ್ರಪ್ಪನವರು ಕಾವಲುಗಾರನನ್ನೇ ಕೆಲಸದಿಂದ ಬಿಡಿಸಿದರು.

ಮೂಡಿಗೆರೆಯ ವೈದ್ಯರು ಬರಿಗಾಲಿನ ನಡಿಗೆಯನ್ನು ನಿಲ್ಲಿಸಿದರು. ಇಂಥ ಕಾಲಿಗೆ ಗಾಯವಾದರೂ ತಿಳಿಯುವುದಿಲ್ಲ ಎಂದರು. ಸಕ್ಕರೆಯನ್ನು ಹತೋಟಿಗೆ ತರಲು ಹೇಳಿ, ರಾತ್ರಿಗೊಂದು ನರದ ಗುಳಿಗೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಉರಿ ಬಹುಮಟ್ಟಿಗೆ ತಗ್ಗಿ, ದಾಕ್ಷಾಯಣಮ್ಮನವರು ಬೆಳಗಿನವರೆಗೆ ನಿದ್ದೆ ಮಾಡತೊಡಗಿದರು.

ಚಿಂತೆಗೆ ಬಿದ್ದವರು ರುದ್ರಪ್ಪನವರು.

"ಅತ್ತಿಗೆ, ಕಾಫಿ ಮಾರೋ ತನಕ ಆ ಗುಳಿಗೆ ಬಿಡೋಕಾಗಲ್ವಾ? ನೀವು ತಿರುಗ್ತಿದ್ರೆ ಒಬ್ಬ ಕಳ್ಳನೂ ಹತ್ರ ಸುಳಿಯಲ್ಲ."

"ನನ್ನ ಹಳೇ ಸೀರೆ ಕೊಡ್ತೀನಿ ಮಾರಾಯ, ನೀನೇ ಉಟ್ಕೊಂಡು ತಿರುಗು. ನಂಗೆ ನಿದ್ದೆ ಬರ್ತಿದೆ," ಎಂದು ದಾಕ್ಷಾಯಣಮ್ಮನವರು ಕೋಣೆಯ ಬಾಗಿಲು ಹಾಕಿಕೊಂಡರು.

ಅಂದಿನಿಂದ ಕಣ ಕಾದವರು ರುದ್ರಪ್ಪನವರೇ. ಬಣಕಲ್‌ನಲ್ಲಿ ಈಚೆಗೆ ಹೇಳುವ ಕಥೆಯಲ್ಲಿ ಆ ಹೆಣ್ಣುದೆವ್ವ ಕೆಮ್ಮುತ್ತದೆ, ಬೀಡಿಯನ್ನೂ ಸೇದುತ್ತದೆ.