ಕೈಪಟ್ಟಿ ಇಲ್ಲದವಳು

ಜನನಿ ಗೇಟಿಗೆ ಓಡಿಬರುವಷ್ಟರಲ್ಲಿ ಕಾವಲಿನವನು ಕೊಡ ಬಗ್ಗಿಸಿ ಅಂಬಲಿಯನ್ನು ಮಣ್ಣಿಗೆ ಸುರಿದೇಬಿಟ್ಟಿದ್ದ. ಬಿಸಿಲಿಗೆ ಕಾದ ಮಣ್ಣು ಅದನ್ನು ಹೀರುವುದನ್ನೇ ನೋಡುತ್ತ ಅವಳ ಅಜ್ಜಿ ರಾಜಮ್ಮಾಳ್ ನಿಂತಿದ್ದಳು.

"ಹೊರಗಿನ ಊಟ ಒಳಗೆ ಬಿಡಬಾರದು ಅಂತ ಆರ್ಡರು. ಈ ಅಜ್ಜಿಯ ಕೈಯಲ್ಲಿ ಪ್ರವೇಶದ ಪಟ್ಟಿಯೂ ಇಲ್ಲ," ಎಂದ ಕಾವಲಿನವನು ತಮಿಳಿನಲ್ಲಿ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. ಮನೆಯ ಕನ್ನಡದಲ್ಲಿ, "ನನ್ ತೋಟಕ್ ನಾ ಬರಕ್ಕೆ ಪಟ್ಟಿ ಯಾತಕ್, ನನ್ ಕಣ್ಣು? ವರ್ಷಾವರ್ಷ ಪಾಟು ಹಾಡೋರ್ಗೆ ಅಂಬ್ಲಿ ಉಯ್ಯೋಳು ನಾನೇ ತಾನೆ?" ಎಂದಳು.

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬಯಲು ರಾಕ್ ಉತ್ಸವ ಎಂದಾಗ ಮೊದಲ ವರ್ಷ ನಗದವರಿರಲಿಲ್ಲ. ಹಳೆಯ ದ್ರಾಕ್ಷಿಬಳ್ಳಿ ಕಿತ್ತು ಖಾಲಿ ಬಿದ್ದಿದ್ದ ತೋಟವನ್ನು ಬಿಟ್ಟುಕೊಟ್ಟವಳು ರಾಜಮ್ಮಾಳ್. ಎರಡು ಟ್ರ್ಯಾಕ್ಟರ್ ಟ್ರೈಲರ್ ಜೋಡಿಸಿದ್ದೇ ವೇದಿಕೆ. ಡ್ರಮ್ ಜನನಿಯದು, ಗಿಟಾರ್ ಗೆಳೆಯ ಸುಂದರನದು. ಹೆಣ್ಣುಮಗಳು ಹೀಗೆ ಬಡಿಯುವುದೇ ಎಂದು ನಿಲ್ಲಿಸಲು ಬಂದ ಊರ ಹಿರಿಯರೆದುರು ಅಜ್ಜಿ ಟ್ರೈಲರ್ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತವಳು ಕೊನೆಯ ಹಾಡು ಮುಗಿಯುವ ತನಕ ಏಳಲಿಲ್ಲ. ಈ ವರ್ಷ ಉತ್ಸವ ನಡೆಸಲು ಚೆನ್ನೈಯ ಕಂಪನಿ ಬಂದಿತ್ತು. ಅದರ ಜೊತೆ ತಗಡಿನ ಬೇಲಿಯೂ ಬಂದಿತ್ತು.

ಕಂಪನಿಯ ಮ್ಯಾನೇಜರ್ ಸೂರ್ಯ ಬೆವರೊರೆಸಿಕೊಳ್ಳುತ್ತ ಬಂದ. "ಜನನಿ, ಮುಂದಿನ ಸರದಿ ನಿಮ್ಮದು. ಅಜ್ಜಿಗೆ ಬಿರಿಯಾನಿ ಪೊಟ್ಟಣ ಕೊಡಿಸುತ್ತೇನೆ. ಹೊರಗೆ ನೆರಳಲ್ಲಿ ಕೂತಿರಲಿ."

"ಅವಳ ಹತ್ತಿರ ತಪ್ಪಾಯಿತು ಅನ್ನಿ. ಕೈ ಹಿಡಿದು ಒಳಗೆ ಕರೆದುಕೊಂಡು ಬನ್ನಿ."

"ಒಂದು ಕೊಡ ಅಂಬಲಿಗೆ ಇಷ್ಟೊಂದು ರಾದ್ಧಾಂತವೇ?"

ಜನನಿ ಸರಸರನೆ ವೇದಿಕೆ ಹತ್ತಿದಳು. ಹಿಂದಿನ ದೊಡ್ಡ ಪರದೆಯ ಮೇಲೆ ಉತ್ಸವದ ಚರಿತ್ರೆ ಓಡುತ್ತಿತ್ತು. "ಏನೂ ಇಲ್ಲದ ಈ ನೆಲದಲ್ಲಿ ನಾವೊಂದು ಕನಸು ಬಿತ್ತಿದೆವು," ಎಂದು ಅದರಲ್ಲಿ ಸೂರ್ಯನೇ ಹೇಳುತ್ತಿದ್ದ. ಅವಳು ಮುಂದಕ್ಕೆ ನುಗ್ಗಿ ಮೈಕು ಕಿತ್ತುಕೊಂಡಳು.

"ಸುಳ್ಳು! ಈ ನೆಲ ನಮ್ಮಜ್ಜಿಯದು. ನಮಗೆ ಮೊದಲು ಜಾಗ ಕೊಟ್ಟವಳು ಅವಳು. ಅವಳನ್ನೇ ಈಗ ಗೇಟಿನಾಚೆ..."

ಮೈಕು ಸತ್ತಿತು. ಅವಳು ಬರಿ ಗಂಟಲಲ್ಲೇ ಕೂಗಿದಳು. ಮುಂದಿನ ಸಾಲಿನ ಕೆಲವರಿಗಷ್ಟೇ ಕೇಳಿಸಿತು. ಹಿಂದಿದ್ದವರು ಆಟ ಶುರುವಾಯಿತೆಂದು ಸಿಳ್ಳೆ ಹೊಡೆದರು. ಆಮೇಲೆ ಅವಳು ಮಂಡಿಯೂರಿ ಡ್ರಮ್ಮಿನ ತಿರುಪುಗಳನ್ನು ಬಿಚ್ಚತೊಡಗಿದಳು.

ಸುಂದರ್ ಪಕ್ಕಕ್ಕೆ ಬಂದು ಕುಕ್ಕರಿಸಿದ. "ಬ್ಯಾಡ ಜನನಿ. ಇಂತಾ ಕೂಟ ನಮ್ಗೆ ಇನ್ನೊಂದ್ ಸಲ ಸಿಕ್ಕಲ್ಲ."

"ನಮ್ಮಜ್ಜಿ ಕೈಯಾಗ ಉಂಡೋನ್ ತಾನೆ ನೀನೂ?"

ಅವನು ಗಿಟಾರಿನ ತಂತಿ ನೋಡಿದ. ಅವಳ ಮುಖ ನೋಡಲಿಲ್ಲ. ಅಲ್ಲಿಂದ ಏಳಲೂ ಇಲ್ಲ.

ಡ್ರಮ್ಮುಗಳನ್ನು ಒಂದೊಂದಾಗಿ ಹೊತ್ತು ಮಿನಿ ಲಾರಿಗೆ ಹಾಕಿದ್ದು ಜನನಿ ಒಬ್ಬಳೇ. ಕೊನೆಯದಕ್ಕೆ ಅಜ್ಜಿ ಕೈಜೋಡಿಸಿದಳು. ಇಬ್ಬರೂ ಹಿಂದುಗಡೆ ಸಾಮಾನಿನ ನಡುವೆಯೇ ಕೂತರು. ಲಾರಿ ಕಾಲುವೆಯ ಸೇತುವೆ ದಾಟುವಾಗ ತೋಟದ ಕಡೆಯಿಂದ ಸುಂದರನ ಗಿಟಾರು ಕೇಳಿಸಿತು, ಬೇರೆ ಯಾರದೋ ಡ್ರಮ್ಮಿನ ಏಟೂ ಕೇಳಿಸಿತು.

ಆ ಏಟು ಬಿದ್ದಾಗಲೆಲ್ಲ ಜನನಿಯ ಸಣ್ಣ ಡ್ರಮ್ಮು, ಯಾರೂ ಮುಟ್ಟದಿದ್ದರೂ, ತಳದ ತಂತಿಗಳು ಅದುರಿ ಮೆಲ್ಲಗೆ ಝರ್ರೆನ್ನುತ್ತಿತ್ತು. ರಾಜಮ್ಮಾಳ್ ಅದನ್ನು ಮಡಿಲಿಗೆಳೆದುಕೊಂಡು ಅದರ ಮೇಲೆ ಅಂಗೈ ಇಟ್ಟಳು.