ಇಬ್ಬರೂ ತಿದ್ದಿದ ಸಾಲು

ನಮ್ಮಕ್ಕನ ಬಗ್ಗೆ ಹೇಳುವಾಗ ನನ್ನ ದನಿ ಏರುತ್ತದೆ. ಅದಕ್ಕೆ ಕ್ಷಮೆ ಕೇಳುವವನು ನಾನಲ್ಲ.

ಇಪ್ಪತ್ತು ವರ್ಷ ಫೋನು ಹಿಡಿದು ಶೇರು ಕೊಂಡು ಮಾರಿದವನು ನಾನು. ಅವಳು ಬಿತ್ತನೆ ಬೀಜದ ಪ್ರಯೋಗಾಲಯದಲ್ಲಿ ಹೊಸ ತಳಿ ಬೆಳೆಸುತ್ತಿದ್ದವಳು. ಆ ಪ್ರಯೋಗಾಲಯ ಮುಚ್ಚಿತು. ನಮ್ಮ ಶೇರು ಕಚೇರಿಯ ಯಜಮಾನರು ಅವಳನ್ನು ಕರೆಸಿ, ಲಿಫ್ಟಿನ ಪಕ್ಕದ ಹಳೇ ಕಾಗದದ ಕೋಣೆ ಕೊಟ್ಟು, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವ ನಿಯಮ ಹುಡುಕಿಕೊಡಿ ಅಂದಾಗ ನನಗೆ ಮೈಯೆಲ್ಲ ಉರಿಯಿತು. ಆರು ತಿಂಗಳ ಗಡುವು. ಆಗದಿದ್ದರೆ ಕೋಣೆಗೆ ಬೀಗ. ಐವತ್ತರ ವಯಸ್ಸಿನಲ್ಲಿ ಅವಳಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ನಿಯಮಗಳನ್ನು ಅವಳು ಬರೆಯಲಿಲ್ಲ, ಬೆಳೆಸಿದಳು. ತಲೆಬುಡವಿಲ್ಲದ ಇನ್ನೂರು ನಿಯಮಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಹತ್ತು ವರ್ಷದ ಹಳೇ ಬೆಲೆಗಳ ಮೇಲೆ ಓಡಿಸುವುದು. ಸೋತವನ್ನು ಕಿತ್ತೆಸೆಯುವುದು. ಗೆದ್ದವನ್ನು ಅರ್ಧರ್ಧ ಕತ್ತರಿಸಿ ಒಂದಕ್ಕೊಂದು ಜೋಡಿಸಿ, ಅಲ್ಲೊಂದು ಇಲ್ಲೊಂದು ಅಂಕಿ ಬದಲಿಸಿ, ಮತ್ತೆ ಓಡಿಸುವುದು. ಒಂದೊಂದು ಸುತ್ತಿಗೂ ತಲೆಮಾರು ಅನ್ನುತ್ತಿದ್ದಳು. ಮೊದಲ ತಲೆಮಾರಿನಲ್ಲಿ ಮಂಗಳವಾರ ಬಂದರೆ ಎಲ್ಲ ಮಾರು ಅನ್ನುವ ಮಹಾನುಭಾವನೂ ಇದ್ದ. ನಲವತ್ತನೆಯದರಲ್ಲಿ, ಬೆಲೆ ಬೀಳುತ್ತಿರುವಾಗ ಕೈ ಹಾಕಬಾರದು ಅನ್ನುವುದನ್ನು ಒಂದು ನಿಯಮ ತಾನಾಗಿಯೇ ಕಲಿತಿತ್ತು. ಅಷ್ಟು ಕಲಿಯಲು ನಾನು ಹತ್ತು ವರ್ಷ ಪೆಟ್ಟು ತಿಂದಿದ್ದೆ. ಬಾಯಿ ಮುಚ್ಚಿಕೊಂಡು, ಊಟದ ಬಿಡುವಿನಲ್ಲಿ ಆ ಕೋಣೆಗೇ ಹೋಗಿ ಕೂರತೊಡಗಿದೆ.

ಬೆಲೆಗಳು ಕಚೇರಿಯ ದಾಖಲೆಯಲ್ಲೇ ಇದ್ದವು. ಯಾವ ದಿನ ಎಷ್ಟು ಶೇರು ಕೈ ಬದಲಾಯಿಸಿದವು ಅನ್ನುವುದು ಮಾತ್ರ ಹಳೇ ಪತ್ರಿಕೆಗಳಲ್ಲಿತ್ತು. ಆ ಅಂಕಿಗಳ ಸಾಲನ್ನು ನಾನೇ ಟೈಪು ಮಾಡಿಕೊಟ್ಟೆ.

ಗಡುವಿಗೆ ಒಂದು ವಾರ ಇರುವಾಗ ಒಬ್ಬ ಹುಟ್ಟಿದ. ಹತ್ತು ವರ್ಷದಲ್ಲಿ ಒಂದು ವರ್ಷವೂ ಸೋಲದವನು. ಜಾಣ ಅಂತ ಹೆಸರಿಟ್ಟೆ. ಯಜಮಾನರು ಅವನ ಗಳಿಕೆಯ ನಕ್ಷೆ ನೋಡಿ, ಕೋಣೆಗೆ ಎಸಿ ಹಾಕಿಸುವ ಮಾತಾಡಿದರು. ಅಕ್ಕ ಮಾತ್ರ ಮುಖ ಗಂಟು ಹಾಕಿಕೊಂಡು, ನನ್ನನ್ನು ಕೂರಿಸಿ ನಿಯಮ ಓದಿದಳು: ಇವತ್ತು ಕೈ ಬದಲಾಯಿಸಿದ ಶೇರು ನಿನ್ನೆಯ ಎರಡರಷ್ಟಾದರೆ ಇವತ್ತು ಕೊಂಡು ನಾಳೆ ಮಾರು.

ನನಗೆ ನಗು ಬಂತು. "ಜನ ಮುಗಿಬಿದ್ದ ದಿನ ಬೆಲೆ ಆಗಲೇ ಏರಿರುತ್ತೆ. ಅವತ್ತು ಕೊಂಡವನ ಕೈಗೆ ಚಿಪ್ಪೇ. ಇವನು ಜಾಣ ಅಲ್ಲ ಕಣಕ್ಕ, ನಾಳಿನ ಪತ್ರಿಕೆ ನೋಡಿ ಕಾಪಿ ಹೊಡೀತಿದಾನೆ."

ಅಂದವನು ಅಲ್ಲಿಗೇ ನಿಂತೆ. ಪತ್ರಿಕೆಯಲ್ಲಿ ಬರುವುದು ಹಿಂದಿನ ದಿನದ ಲೆಕ್ಕ. ಬೀಜದವಳಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ ಅಂತ, ಟೈಪು ಮಾಡುವಾಗಲೇ ಇಡೀ ಸಾಲನ್ನು ಒಂದು ದಿನ ಹಿಂದಕ್ಕೆ ಸರಿಸಿದ್ದೆ. ಕೇಳಿದರೆ, ಅವಸರದ ತಮ್ಮ ಮರೆತಿರುತ್ತಾನೆ ಅಂತ ಅವಳೂ ಸರಿಸಿದ್ದಳು. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಜಾಣನಿಗೆ ನಾಳೆ ಬರುವ ಗುಂಪು ಇವತ್ತೇ ಕಾಣುತ್ತಿತ್ತು.

ಗಡುವು ಕಳೆಯಲಿ, ಕೆಲಸ ಗಟ್ಟಿಯಾಗಲಿ, ಆಮೇಲೆ ಹೇಳೋಣ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಸಾಲು ಸರಿಮಾಡಿ ಮೊದಲ ತಲೆಮಾರಿನಿಂದ ಮತ್ತೆ ಶುರುಮಾಡಿದಳು. ಸರಿಯಾದ ಸಾಲಿನ ಮೇಲೆ ಓಡಿಸಿದರೆ ಜಾಣ ಎರಡನೇ ವರ್ಷಕ್ಕೇ ಮಕಾಡೆ ಮಲಗಿದ. ಕೊನೆಗೆ ಉಳಿದವನು ವರ್ಷಕ್ಕೆ ಹನ್ನೊಂದು ತಿಂಗಳು ಸುಮ್ಮನೆ ಕೂತು, ಸ್ವಲ್ಪವೇ ಗಳಿಸುವ ಒಬ್ಬ ಸೋಮಾರಿ.

ಗಡುವಿನ ದಿನ ಅವಳು ಎರಡೂ ನಕ್ಷೆಗಳನ್ನು ಯಜಮಾನರ ಮುಂದಿಟ್ಟಳು. ಮೊದಲನೆಯದರ ತಪ್ಪು ಯಾರದು ಅಂತ ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಇಬ್ಬರೂ ತಿದ್ದಿದ್ವಿ, ಸರ್," ಅಂದಳು.

"ಹಾಗಾದ್ರೆ ಈ ಸೋಮಾರೀನ ಹೇಗೆ ನಂಬೋದು?"

"ಗೆದ್ದವನನ್ನ ನಾನೇ ಹಿಡಿದುಕೊಟ್ಟೆ. ಇವನು ಸುಳ್ಳು ಹೇಳಿದ್ರೆ ಇವನನ್ನೂ ಹಿಡಿದುಕೊಡ್ತೀನಿ."

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಎಸಿ ಇಲ್ಲ ಅಂದರು. ಇನ್ನಾರು ತಿಂಗಳು ಕೋಣೆ ಇಟ್ಟುಕೊಳ್ಳಿ ಅಂದರು. ಇಂಥವಳ ತಮ್ಮ ನಾನು ಅಂತ ಆ ಹೊತ್ತು ಎದೆಯುಬ್ಬಿತು.

ಮರುದಿನ ಕೋಣೆಗೆ ಹೋದರೆ, ನನ್ನ ಸಾಲಿನ ತಲೆಯ ಮೇಲೆ ಅವಳು ಹೊಸದಾಗಿ ಏನೋ ಟೈಪು ಮಾಡಿದ್ದಳು. 'ಇದನ್ನು ತಮ್ಮ ತಿದ್ದುತ್ತಾನೆ. ನಾನು ಮುಟ್ಟುವುದಿಲ್ಲ.'

ಊಟದ ಡಬ್ಬಿ ಪಕ್ಕಕ್ಕಿಟ್ಟು, ಹತ್ತು ವರ್ಷದ ಆ ಸಾಲನ್ನು ಮೊದಲ ದಿನದಿಂದ ನೋಡುತ್ತಾ ಬಂದೆ.